ಯಾವ ಬ್ರೌಸರ್‌ಗೆ ಯಾವ ವಿಡಿಯೋ ಕೋಡೆಕ್? ಕೇಳಿ ತಿಳಿದುಕೊಂಡು ಕೊಡುವ ವಿಧಾನ, ಮೊದಲಿನಿಂದ ಕೊನೆಯವರೆಗೆ

"ಮಾತು ಕೇಳಿಸ್ತಿದೆ ಸರ್, ಚಿತ್ರ ಮಾತ್ರ ಇಲ್ಲ. ಪೂರ್ತಿ ಕಪ್ಪಗಿದೆ."

ಒಂದು ತರಬೇತಿ ಸಂಸ್ಥೆಯ ಪಾಠದ ವಿಡಿಯೋಗಳನ್ನು ವೆಬ್‌ಗೆ ಹಾಕಿಕೊಟ್ಟ ಮಾರನೇ ದಿನ ಅಲ್ಲಿನ ಮೇಷ್ಟ್ರೊಬ್ಬರು ಫೋನ್ ಮಾಡಿ ಹೀಗೆ ಹೇಳಿದರು. ಅವರದು ಐಫೋನ್. ನನ್ನ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಅದೇ ವಿಡಿಯೋ ಏನೂ ತೊಂದರೆ ಇಲ್ಲದೆ ಓಡುತ್ತಿತ್ತು. ಸರ್ವರ್ ನೋಡಿದೆ, ನೆಟ್‌ವರ್ಕ್ ನೋಡಿದೆ, ಪ್ಲೇಯರ್ ಬದಲಾಯಿಸಿ ನೋಡಿದೆ, ಮಧ್ಯಾಹ್ನದ ಊಟ ಸಂಜೆಗೆ ಹೋಯಿತು. ಕೊನೆಗೆ ಸಿಕ್ಕ ಕಾರಣ ಫೈಲಿನೊಳಗಿದ್ದ ನಾಲ್ಕು ಅಕ್ಷರ. ಅದೇನು ಅಂತ ಅದರ ಜಾಗ ಬಂದಾಗ ಹೇಳುತ್ತೇನೆ.

ಆವತ್ತು ಕಲಿತ ಮಾತೇ ಈ ಇಡೀ ಬರಹದ ಬುನಾದಿ. ಕೋಡೆಕ್ ಅಂದರೆ ವಿಡಿಯೋವನ್ನು ಕುಗ್ಗಿಸಿ, ನೋಡುವಾಗ ಮತ್ತೆ ಬಿಡಿಸುವ ವಿಧಾನ. ಬ್ರೌಸರ್ ಹೆಸರು ನೋಡಿ ಕೋಡೆಕ್ ನಿರ್ಧಾರ ಮಾಡಬೇಡಿ. ಒಂದೇ ಆವೃತ್ತಿಯ ಕ್ರೋಮ್ ಒಂದು ಫೋನಿನಲ್ಲಿ ಎವಿ1 ಅನ್ನುವ ಕೋಡೆಕ್‌ನ ವಿಡಿಯೋವನ್ನು ಚಿಪ್ಪಿನ ಸಹಾಯದಿಂದ ಆರಾಮಾಗಿ ತೋರಿಸುತ್ತದೆ, ಇನ್ನೊಂದರಲ್ಲಿ ಅದೇ ವಿಡಿಯೋಗೆ ಪ್ರೊಸೆಸರ್ ಪೂರ್ತಿ ದುಡಿದು ಫೋನ್ ಬಿಸಿಯಾಗುತ್ತದೆ. ಬ್ರೌಸರ್, ಆಪರೇಟಿಂಗ್ ಸಿಸ್ಟಂ, ಚಿಪ್, ಈ ಮೂರೂ ಸೇರಿ ಉತ್ತರ ಹೇಳಬೇಕು. ಹಾಗಾಗಿ ಪ್ರತಿ ಯಂತ್ರವನ್ನೂ ಕೇಳಿ, ಆಮೇಲೆ ವಿಡಿಯೋ ಕೊಡಿ.

ಮುಂದೆ ಬರುವ ಕಮಾಂಡ್, ಫಂಕ್ಷನ್ ಹೆಸರುಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕೋಡ್ ಬರೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿಕೊಳ್ಳಿ.

ಹೆಜ್ಜೆ 1: ನಾಲ್ಕು ಕೋಡೆಕ್‌ಗಳ ಗುಣ ತಿಳಿದುಕೊಳ್ಳಿ

ಎಚ್.264, ಅಂದರೆ ಎವಿಸಿ, 2003ರದು. ಎಲ್ಲ ಕಡೆ ಓಡುತ್ತದೆ ಅಂತ ಧೈರ್ಯವಾಗಿ ಹೇಳಬಹುದಾದ ಕೋಡೆಕ್ ಇದೊಂದೇ. ಹತ್ತು ವರ್ಷ ಹಳೆಯ ಫೋನಿನಲ್ಲೂ ಇದಕ್ಕೆ ಚಿಪ್ಪಿನ ಬೆಂಬಲ ಇರುತ್ತದೆ. ಎಡವುವ ಜಾಗ ಕೆಲವೇ. ಫೈರ್‌ಫಾಕ್ಸ್ ಇದಕ್ಕೆ ಆಪರೇಟಿಂಗ್ ಸಿಸ್ಟಂನ ಡೀಕೋಡರ್, ಅಂದರೆ ಕುಗ್ಗಿಸಿದ ಚಿತ್ರ ಬಿಡಿಸುವ ಭಾಗವನ್ನು ನೆಚ್ಚಿಕೊಂಡಿದೆ. ಆದ್ದರಿಂದ ಮೀಡಿಯಾ ಫೀಚರ್ ಪ್ಯಾಕ್ ಇಲ್ಲದ ವಿಂಡೋಸ್ ಎನ್ ಆವೃತ್ತಿಯಲ್ಲೋ, ಎಫ್‌ಎಫ್‌ಎಂಪೆಗ್ ಲೈಬ್ರರಿ ಹಾಕದ ಲಿನಕ್ಸ್‌ನಲ್ಲೋ ಚಿತ್ರ ಬರದೇ ಇರಬಹುದು. ಇಂಥ ಜನ ಕಡಿಮೆ, ಆದರೆ ಇದ್ದಾರೆ.

ಎಚ್.265, ಅಂದರೆ ಎಚ್‌ಇವಿಸಿ, 2013ರಲ್ಲಿ ಬಂತು. ಗುಣಮಟ್ಟ ಒಳ್ಳೆಯದು, ಆದರೆ ಪೇಟೆಂಟ್ ಶುಲ್ಕದ ಗೋಜಲಿನಿಂದ ವೆಬ್‌ನಲ್ಲಿ ವರ್ಷಗಟ್ಟಲೆ ತಡವಾಯಿತು. ಆಪಲ್ 2017ರಲ್ಲಿ ಸಫಾರಿ 11ರ ಜೊತೆ ಕೊಟ್ಟಿತು. ಕ್ರೋಮ್ 2022ರಲ್ಲಿ, 107ನೇ ಆವೃತ್ತಿಯಲ್ಲಿ ಕೊಟ್ಟಿತು, ಅದೂ ಯಂತ್ರದಲ್ಲಿ ಹಾರ್ಡ್‌ವೇರ್ ಡೀಕೋಡರ್ ಇದ್ದರೆ ಮಾತ್ರ. ಫೈರ್‌ಫಾಕ್ಸ್ ವಿಂಡೋಸ್‌ನಲ್ಲಿ 2025ರ ಜನವರಿಯಲ್ಲಿ, 134ನೇ ಆವೃತ್ತಿಯಲ್ಲಿ ಶುರು ಮಾಡಿತು. ವಿಂಡೋಸ್‌ನಲ್ಲಿ ಎಡ್ಜ್ ಬಳಸುವವರಿಗೆ ಮೈಕ್ರೋಸಾಫ್ಟ್ ಸ್ಟೋರಿನ ಎಚ್‌ಇವಿಸಿ ಎಕ್ಸ್‌ಟೆನ್ಷನ್ ಬೇಕಾಗುತ್ತದೆ. ನಿಮ್ಮ ನೋಡುಗರು ಅದನ್ನು ಹಾಕಿಕೊಂಡಿರುತ್ತಾರೆ ಅಂತ ನಂಬಿ ಕೂರಲು ಆಗಲ್ಲ ಅಲ್ವಾ?

ವಿಪಿ9 ಗೂಗಲ್‌ನದು, ಇದೂ 2013ರದು, ಶುಲ್ಕ ಇಲ್ಲ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ನಲ್ಲಿ ಬಹಳ ಕಾಲದಿಂದ ಇದೆ. ಸಫಾರಿಗೆ ತಡವಾಗಿ ಬಂತು. ಆಂಡ್ರಾಯ್ಡ್ ಫೋನುಗಳಲ್ಲಿ ಇದಕ್ಕೆ ಹಾರ್ಡ್‌ವೇರ್ ಬೆಂಬಲ ಬಹಳ ವ್ಯಾಪಕ. ಎಲ್ಲರೂ ಎವಿ1 ಬಗ್ಗೆ ಮಾತಾಡುವ ಗದ್ದಲದಲ್ಲಿ ವಿಪಿ9 ಮೂಲೆಗೆ ಬಿದ್ದಿದೆ, ಆದರೆ ನೋಡುಗರಲ್ಲಿ ಆಂಡ್ರಾಯ್ಡ್ ಜಾಸ್ತಿ ಇದ್ದರೆ ಇದು ಇವತ್ತಿಗೂ ಒಳ್ಳೆಯ ಆಯ್ಕೆ ಅಂತ ನನ್ನ ಅಭಿಪ್ರಾಯ.

ಎವಿ1 ಅನ್ನು 2015ರಲ್ಲಿ ಹುಟ್ಟಿದ ಅಲಯನ್ಸ್ ಫಾರ್ ಓಪನ್ ಮೀಡಿಯಾ 2018ರಲ್ಲಿ ಹೊರತಂದಿತು. ಅದೇ ವರ್ಷ ಕ್ರೋಮ್ 70ಕ್ಕೆ ಬಂತು, ಮರುವರ್ಷ ಫೈರ್‌ಫಾಕ್ಸ್‌ಗೆ. ವಿಡಿಯೋಲ್ಯಾನ್‌ನವರ ಡೇವ್1ಡಿ ಅನ್ನುವ ಸಾಫ್ಟ್‌ವೇರ್ ಡೀಕೋಡರ್ ತುಂಬಾ ವೇಗದ್ದು, ಹಾಗಾಗಿ ಕಂಪ್ಯೂಟರ್‌ಗಳಲ್ಲಿ ಚಿಪ್ ಇಲ್ಲದೆಯೂ ನಡೆಯುತ್ತದೆ. ಆಪಲ್ ಕಥೆ ಬೇರೆ. ಸಫಾರಿ 17ರಿಂದ ಎವಿ1 ಇದೆ, ಆದರೆ ಚಿಪ್ಪಿನಲ್ಲಿ ಡೀಕೋಡರ್ ಇರುವ ಯಂತ್ರಗಳಲ್ಲಿ ಮಾತ್ರ. ಐಫೋನ್ 15 ಪ್ರೋದಲ್ಲಿ ಇದೆ, ಅದೇ ವರ್ಷದ ಸಾದಾ ಐಫೋನ್ 15ರಲ್ಲಿ ಇಲ್ಲ. ಎಂ3 ಮ್ಯಾಕ್‌ನಲ್ಲಿ ಇದೆ, ಎಂ1, ಎಂ2ರಲ್ಲಿ ಇಲ್ಲ. ಒಂದೇ ಸಫಾರಿ, ಎರಡು ಉತ್ತರ.

ಎಚ್.266, ಅಂದರೆ ವಿವಿಸಿ, 2020ರಲ್ಲೇ ಬಂದಿದೆ. ಬ್ರೌಸರ್‌ಗಳಲ್ಲಿ ಅದನ್ನು ನಂಬಿ ಏನೂ ಮಾಡಲು ಆಗುವುದಿಲ್ಲ. ಬಿಟ್ಟುಬಿಡಿ.

ಹೆಜ್ಜೆ 2: ಎಷ್ಟು ಕೋಡೆಕ್ ಬೇಕು ಅಂತ ಮೊದಲೇ ತೀರ್ಮಾನಿಸಿ

ಎಚ್.264 ಇರಲೇಬೇಕು. ಇದರಲ್ಲಿ ಚರ್ಚೆ ಬೇಡ. ಅದರ ಮೇಲೆ ಇನ್ನೊಂದು ಸೇರಿಸಿದರೆ ಸಾಕು, ಸಣ್ಣ ತಾಣಗಳಿಗೆ ಮೂರು ನಾಲ್ಕು ಇಡುವುದು ಬರೀ ಸ್ಟೋರೇಜ್ ಖರ್ಚು. ನೋಡುಗರು ಹೆಚ್ಚಾಗಿ ಆಂಡ್ರಾಯ್ಡ್ ಮತ್ತು ಕಂಪ್ಯೂಟರ್‌ನವರಾದರೆ ಎಚ್.264 ಜೊತೆ ಎವಿ1 ಅಥವಾ ವಿಪಿ9. ಐಫೋನ್, ಐಪ್ಯಾಡ್‌ನವರು ಹೆಚ್ಚಿದ್ದರೆ ಎಚ್.264 ಜೊತೆ ಎಚ್‌ಇವಿಸಿ.

ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು? ಲೆಕ್ಕ ಹಾಕಿ. 45 ನಿಮಿಷದ ಪಾಠ 2.5 ಮೆಗಾಬಿಟ್ ವೇಗದಲ್ಲಿ ಹೋದರೆ ಸುಮಾರು 840 ಎಂಬಿ ಡೇಟಾ ಖರ್ಚು. ಅದೇ ಚಿತ್ರ ಎವಿ1ನಲ್ಲಿ 1.5 ಮೆಗಾಬಿಟ್‌ಗೆ ಕೂತರೆ ಸುಮಾರು 500 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡು ಹಳ್ಳಿಯಲ್ಲಿ ಕೂತು ಓದುವ ಹುಡುಗಿಗೆ ಅದು ಒಂದು ಪಾಠ ನೋಡುವುದಕ್ಕೂ ಮೂರು ಪಾಠ ನೋಡುವುದಕ್ಕೂ ಇರುವ ವ್ಯತ್ಯಾಸ. ನನಗೆ ಈ ಕೆಲಸದಲ್ಲಿ ಆಸಕ್ತಿ ಹುಟ್ಟಿಸಿದ್ದೇ ಈ ಲೆಕ್ಕ.

ಹೆಜ್ಜೆ 3: ಎನ್‌ಕೋಡ್ ಮಾಡುವಾಗ ಎಡವದಿರಿ

ಎನ್‌ಕೋಡ್ ಅಂದರೆ ವಿಡಿಯೋವನ್ನು ಒಂದು ಕೋಡೆಕ್‌ನಲ್ಲಿ ಕುಗ್ಗಿಸುವುದು. ಅದಕ್ಕೆ ಎಫ್‌ಎಫ್‌ಎಂಪೆಗ್ ಅನ್ನುವ ಕಮಾಂಡ್ ಸಾಧನ ಸಾಕು. ಎಚ್.264ಗೆ ಲಿಬ್‌ಎಕ್ಸ್264, ಎಚ್‌ಇವಿಸಿಗೆ ಲಿಬ್‌ಎಕ್ಸ್265, ವಿಪಿ9ಗೆ ಲಿಬ್‌ವಿಪಿಎಕ್ಸ್, ಎವಿ1ಗೆ ಎಸ್‌ವಿಟಿ-ಎವಿ1 ಬಳಸಿ. ಇದು ಇಂಟೆಲ್ ಮತ್ತು ನೆಟ್‌ಫ್ಲಿಕ್ಸ್ ಸೇರಿ ಬೆಳೆಸಿದ ಎನ್‌ಕೋಡರ್. ಇದರಲ್ಲಿ ವೇಗ ಆರಿಸುವ ಪ್ರೀಸೆಟ್ ಸಂಖ್ಯೆ ಕಡಿಮೆಯಾದಷ್ಟೂ ನಿಧಾನ. 6ರಿಂದ 8ರ ಒಳಗೆ ಶುರು ಮಾಡಿ.

ಗುಣಮಟ್ಟ ಎಷ್ಟಿರಬೇಕು ಅಂತ ಹೇಳುವ ಸಿಆರ್‌ಎಫ್ ಸಂಖ್ಯೆಗಳನ್ನು (ಕಡಿಮೆಯಾದಷ್ಟೂ ಗುಣಮಟ್ಟವೂ ಫೈಲೂ ದೊಡ್ಡದು) ಒಂದಕ್ಕೊಂದು ಹೋಲಿಸಬೇಡಿ. ಎಕ್ಸ್264ರ ಡೀಫಾಲ್ಟ್ 23, ಎಕ್ಸ್265ರದು 28, ಎಸ್‌ವಿಟಿ-ಎವಿ1ರದು 35. ಎಕ್ಸ್264ಗೆ ಕೊಟ್ಟ 23ನ್ನೇ ಎವಿ1ಗೂ ಕೊಟ್ಟು "ಎವಿ1 ಫೈಲೇ ದೊಡ್ಡದಾಯ್ತಲ್ಲ" ಅಂತ ಬೇಸರ ಪಟ್ಟವರನ್ನು ನೋಡಿದ್ದೇನೆ. ಅಳತೆಗೋಲೇ ಬೇರೆ.

ಪಿಕ್ಸೆಲ್ ಫಾರ್ಮ್ಯಾಟ್, ಅಂದರೆ ಬಣ್ಣದ ಮಾಹಿತಿ ಇಡುವ ರೀತಿ, ವೈಯುವಿ420ಪಿ ಅಂತ ಬಾಯಿಬಿಟ್ಟು ಹೇಳಿ. ಕ್ಯಾಮೆರಾದಿಂದ ಬಂದ ಫೈಲ್ 4:2:2 ಅಥವಾ 10 ಬಿಟ್ ಇದ್ದು, ನೀವು ಹೇಳದೇ ಇದ್ದರೆ ಎಕ್ಸ್264 ಅದನ್ನೇ ಮುಂದುವರಿಸುತ್ತದೆ, ಆಮೇಲೆ ಎಷ್ಟೋ ಫೋನುಗಳಲ್ಲಿ ಆ ಎಚ್.264 ಓಡುವುದಿಲ್ಲ.

ನೆಟ್ ವೇಗಕ್ಕೆ ತಕ್ಕಂತೆ ಪ್ಲೇಯರ್ ಬದಲಾಯಿಸಿಕೊಳ್ಳಲಿ ಅಂತ ಒಂದೇ ವಿಡಿಯೋವನ್ನು 480, 720 ಹೀಗೆ ಹಲವು ಗುಣಮಟ್ಟದಲ್ಲಿ ಮಾಡಿ, ಸೆಗ್ಮೆಂಟ್ ಅನ್ನುವ ಸಣ್ಣ ತುಂಡುಗಳಾಗಿ ಕೊಡುತ್ತೇವೆ. ಕೀಫ್ರೇಮ್‌ಗಳನ್ನು, ಅಂದರೆ ಬೇರೆ ಫ್ರೇಮ್‌ನ ನೆರವಿಲ್ಲದೆ ಪೂರ್ತಿ ಚಿತ್ರ ಇರುವ ಫ್ರೇಮ್‌ಗಳನ್ನು, ಎಲ್ಲ ಗುಣಮಟ್ಟದಲ್ಲೂ ಒಂದೇ ಜಾಗಕ್ಕೆ ಬರುವಂತೆ ಕಟ್ಟಿಹಾಕಿ. 25 ಫ್ರೇಮ್‌ನ ವಿಡಿಯೋಗೆ ಎರಡು ಸೆಕೆಂಡಿಗೆ ಒಂದು ಅಂದರೆ ಅಂತರ 50. ದೃಶ್ಯ ಬದಲಾದಾಗ ತಾನೇ ಕೀಫ್ರೇಮ್ ಹಾಕುವ ಸೀನ್‌ಕಟ್ ಸೆಟ್ಟಿಂಗನ್ನು ಸೊನ್ನೆ ಮಾಡಿ. ಇಲ್ಲದಿದ್ದರೆ ಒಂದೊಂದು ಗುಣಮಟ್ಟದಲ್ಲಿ ಸೆಗ್ಮೆಂಟ್ ಒಂದೊಂದು ಕಡೆ ತುಂಡಾಗಿ, 480ರಿಂದ 720ಕ್ಕೆ ಹಾರುವಾಗ ಚಿತ್ರ ಎಗರುತ್ತದೆ.

ಈಗ ಆ ನಾಲ್ಕು ಅಕ್ಷರದ ವಿಷಯ. ಎಂಪಿ4 ಪೆಟ್ಟಿಗೆಯೊಳಗೆ ಎಚ್‌ಇವಿಸಿ ಇಡುವಾಗ ಎರಡು ಗುರುತುಗಳಲ್ಲಿ ಒಂದನ್ನು ಅಂಟಿಸಬಹುದು: ಎಚ್‌ಇವಿ1 ಅಥವಾ ಎಚ್‌ವಿಸಿ1. ಒಳಗಿನ ಚಿತ್ರ ಒಂದೇ. ಡೀಕೋಡರ್‌ಗೆ ಬೇಕಾದ ಮೂಲ ಮಾಹಿತಿ ಫೈಲಿನ ತಲೆಯಲ್ಲಿ ಮಾತ್ರ ಇದೆಯೋ, ಚಿತ್ರದ ಹರಿವಿನ ನಡುವೆಯೂ ಬರಬಹುದೋ ಅನ್ನುವುದಷ್ಟೇ ಈ ಗುರುತು ಹೇಳುವ ವ್ಯತ್ಯಾಸ. ಆಪಲ್ ಕಡೆಗೆ ಬೇಕಾದ್ದು ಎಚ್‌ವಿಸಿ1. ನೀವೇನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಹಾಕುವುದು ಎಚ್‌ಇವಿ1. ನಾನು ಏನೂ ಹೇಳಿರಲಿಲ್ಲ. ಹಾಗಾಗಿ ಮೇಷ್ಟ್ರ ಐಫೋನ್ ಧ್ವನಿಯನ್ನು ಮಾತ್ರ ಎತ್ತಿಕೊಂಡು ಚಿತ್ರವನ್ನು ಕೈಬಿಟ್ಟಿತ್ತು. ಪರಿಹಾರ: 'ಟ್ಯಾಗ್:ವಿ' ಆಯ್ಕೆಗೆ 'ಎಚ್‌ವಿಸಿ1' ಅಂತ ಕೊಡಿ. ಫೈಲ್ ಈಗಾಗಲೇ ತಯಾರಿದ್ದರೆ ಮತ್ತೆ ಎನ್‌ಕೋಡ್ ಮಾಡಬೇಕಿಲ್ಲ, ಕೋಡೆಕ್ ಜಾಗದಲ್ಲಿ 'ಕಾಪಿ' ಹಾಕಿ ಟ್ಯಾಗ್ ಬದಲಾಯಿಸಿದರೆ ಸಾಮಾನ್ಯವಾಗಿ ಕ್ಷಣದಲ್ಲಿ ಮುಗಿಯುತ್ತದೆ.

ಧ್ವನಿಗೆ ಎಎಸಿ ಕೋಡೆಕ್ ಇಟ್ಟು ಮುಂದೆ ಹೋಗಿ.

ಹೆಜ್ಜೆ 4: ಪ್ಯಾಕ್ ಮಾಡಿ, ಕೋಡೆಕ್ ಹೆಸರು ಪೂರ್ತಿ ಬರೆಯಿರಿ

ಸೆಗ್ಮೆಂಟ್‌ಗಳನ್ನು ತುಂಡು ಎಂಪಿ4 ರೂಪದಲ್ಲೇ ಮಾಡಿ. ತುಂಡು ತುಂಡಾಗಿ ವಿಡಿಯೋ ಕೊಡಲು ಎರಡು ಪದ್ಧತಿ ಇವೆ, ಆಪಲ್‌ನ ಎಚ್‌ಎಲ್‌ಎಸ್ ಮತ್ತು ಡ್ಯಾಶ್. ಎರಡರಲ್ಲೂ ತುಂಡುಗಳ ಪಟ್ಟಿಯ ಫೈಲ್ ಇರುತ್ತದೆ. ಹಳೆಯ ಟಿಎಸ್ ರೂಪ ಎಚ್.264ಗೆ ಸರಿ, ಎಚ್‌ಎಲ್‌ಎಸ್‌ನಲ್ಲಿ ಎಚ್‌ಇವಿಸಿ, ಎವಿ1 ಕೊಡಬೇಕಾದರೆ ಎಂಪಿ4 ಬೇಕು. ಹೀಗೆ ಮಾಡಿದರೆ ಒಂದೇ ಸೆಗ್ಮೆಂಟ್ ಫೈಲ್‌ಗಳಿಗೆ ಎಚ್‌ಎಲ್‌ಎಸ್ ಪಟ್ಟಿಯನ್ನೂ ಡ್ಯಾಶ್ ಪಟ್ಟಿಯನ್ನೂ ಬರೆಯಬಹುದು. ಶಾಕಾ ಪ್ಯಾಕೇಜರ್ ಅನ್ನುವ ಸಾಧನ ಎರಡನ್ನೂ ಒಟ್ಟಿಗೆ ಮಾಡಿಕೊಡುತ್ತದೆ.

ಪಟ್ಟಿಯಲ್ಲಿ ಪ್ರತಿ ಗುಣಮಟ್ಟದ ಮುಂದೆ ಕೋಡೆಕ್ ಸ್ಟ್ರಿಂಗ್ ಇರುತ್ತದೆ. ನೋಡಲು ಮಂತ್ರದ ಹಾಗೆ ಕಾಣುತ್ತದೆ, ಬಿಡಿಸಿದರೆ ಸರಳ. 'ಎವಿ01.0.08ಎಂ.08' ತೆಗೆದುಕೊಳ್ಳಿ. ಎವಿ01 ಅಂದರೆ ಎವಿ1. ಮುಂದಿನ 0 ಮೇನ್ ಪ್ರೊಫೈಲ್, ಅಂದರೆ ಕೋಡೆಕ್‌ನ ಯಾವ ಸೌಲಭ್ಯಗಳನ್ನು ಬಳಸಿದೆ ಅನ್ನುವ ಗುರುತು. 08 ಅಂದರೆ ಲೆವೆಲ್ 4.0, ಅಂದರೆ 1080ಪಿ ವಿಡಿಯೋ ಸೆಕೆಂಡಿಗೆ 30 ಫ್ರೇಮ್ ವರೆಗೆ. ಎಂ ಅಂದರೆ ಮೇನ್ ಟಿಯರ್, ಬಿಟ್‌ರೇಟ್ ಮಿತಿಯ ದರ್ಜೆ. ಕೊನೆಯ 08 ಬಣ್ಣದ ಆಳ, 8 ಬಿಟ್. ಅದೇ ಗಾತ್ರಕ್ಕೆ ಎಚ್.264ರಲ್ಲಿ 'ಎವಿಸಿ1.640028': 64 ಅಂದರೆ ಹೈ ಪ್ರೊಫೈಲ್, 28 ಹೆಕ್ಸ್ (ಹದಿನಾರರ) ಲೆಕ್ಕದಲ್ಲಿ 40, ಅಂದರೆ ಮತ್ತೆ ಲೆವೆಲ್ 4.0. ಎಚ್‌ಇವಿಸಿಯಲ್ಲಿ 'ಎಚ್‌ವಿಸಿ1.1.6.ಎಲ್120.ಬಿ0', 120ನ್ನು 30ರಿಂದ ಭಾಗಿಸಿ, 4 ಬಂತು. ವಿಪಿ9ರಲ್ಲಿ 'ವಿಪಿ09.00.40.08'. ನಾಲ್ಕೂ ಹೇಳುತ್ತಿರುವುದು ಒಂದೇ ಮಾತು.

ಇದನ್ನು ಊಹಿಸಿ ಕೈಯಿಂದ ಬರೆಯಬೇಡಿ, ಪ್ಯಾಕೇಜರ್ ಫೈಲನ್ನು ಓದಿ ತಾನೇ ಬರೆಯಲಿ. ಲೆವೆಲ್ ಜಾಸ್ತಿ ಬರೆದರೆ ಓಡಿಸಬಲ್ಲ ಫೋನೂ "ನನ್ನಿಂದಾಗದು" ಅನ್ನುತ್ತದೆ, ಕಡಿಮೆ ಬರೆದರೆ ಆಗದ ಫೋನೂ ಒಪ್ಪಿಕೊಂಡು ಮಧ್ಯದಲ್ಲಿ ಕೈಕೊಡುತ್ತದೆ. ಐಫೋನಿನ ಸ್ವಂತ ಎಚ್‌ಎಲ್‌ಎಸ್ ಪ್ಲೇಯರ್ ಯಾವ ಗುಣಮಟ್ಟ ತೆಗೆದುಕೊಳ್ಳಬೇಕು ಅಂತ ನೋಡುವಾಗ ಈ ಸ್ಟ್ರಿಂಗನ್ನೇ ಓದುತ್ತದೆ.

ಹೆಜ್ಜೆ 5: ಬ್ರೌಸರನ್ನು ಸರಿಯಾಗಿ ಕೇಳಿ

ಕೇಳಲು ಮೂರು ದಾರಿ ಇವೆ. ಮೂರೂ ಒಂದೇ ಅಲ್ಲ.

ಹಳೆಯದು 'ಕ್ಯಾನ್‌ಪ್ಲೇಟೈಪ್'. ಉತ್ತರ 'ಪ್ರಾಬಬ್ಲಿ', 'ಮೇಬಿ' ಅಥವಾ ಖಾಲಿ. ಇರಬಹುದು, ಆಗಬಹುದು ಅನ್ನುವ ಉತ್ತರದ ಮೇಲೆ ಮನೆ ಕಟ್ಟಲು ಆಗುವುದಿಲ್ಲ. ಎರಡನೆಯದು 'ಮೀಡಿಯಾಸೋರ್ಸ್.ಇಸ್‌ಟೈಪ್‌ಸಪೋರ್ಟೆಡ್'. ಮೀಡಿಯಾಸೋರ್ಸ್ ಅಂದರೆ ಪುಟದ ಕೋಡ್ ತಾನೇ ವಿಡಿಯೋ ತುಂಡುಗಳನ್ನು ಪ್ಲೇಯರ್‌ಗೆ ಕೊಡುವ ಬ್ರೌಸರ್ ಸೌಲಭ್ಯ. ಪೂರ್ತಿ ಕೋಡೆಕ್ ಸ್ಟ್ರಿಂಗ್ ಕೊಟ್ಟರೆ ಹೌದು ಅಥವಾ ಇಲ್ಲ ಅನ್ನುತ್ತದೆ. ಸ್ಟ್ರೀಮಿಂಗ್ ಪ್ಲೇಯರ್‌ಗೆ ಇದು ಕನಿಷ್ಠ. ಆದರೆ 'ಹೌದು' ಅಂದ ಮಾತ್ರಕ್ಕೆ ಚಿತ್ರ ತಡವರಿಸದೆ ಓಡುತ್ತದೆ ಅಂತ ಅರ್ಥ ಅಲ್ಲ.

ನಿಜವಾಗಿ ಬೇಕಾದ್ದು ಮೂರನೆಯದು, 'ನ್ಯಾವಿಗೇಟರ್.ಮೀಡಿಯಾಕೆಪೆಬಿಲಿಟೀಸ್.ಡೀಕೋಡಿಂಗ್‌ಇನ್ಫೋ'. ಇದಕ್ಕೆ ಟೈಪ್ ಜಾಗದಲ್ಲಿ 'ಮೀಡಿಯಾ-ಸೋರ್ಸ್' ಅಂತ ಹೇಳಿ, ವಿಡಿಯೋದ ಕಂಟೆಂಟ್ ಟೈಪ್, ಅಗಲ, ಎತ್ತರ, ಬಿಟ್‌ರೇಟ್, ಫ್ರೇಮ್‌ರೇಟ್ ಕೊಡಿ. ಬಿಟ್‌ರೇಟ್ ಬಿಟ್ ಲೆಕ್ಕದಲ್ಲೇ ಇರಬೇಕು. 2.5 ಮೆಗಾಬಿಟ್ ಅಂದರೆ 2500000, 2500 ಅಲ್ಲ. ಉತ್ತರದಲ್ಲಿ ಮೂರು ವಿಷಯ ಬರುತ್ತವೆ: ಸಪೋರ್ಟೆಡ್, ಸ್ಮೂತ್, ಪವರ್‌ಎಫಿಶಿಯಂಟ್. ಅಂದರೆ ಆಗುತ್ತದಾ, ಸಲೀಸಾಗಿ ಆಗುತ್ತದಾ, ಬ್ಯಾಟರಿ ತಿನ್ನದೆ ಆಗುತ್ತದಾ.

ಎವಿ1 ಚಿಪ್ ಇಲ್ಲದ ಹಳೆಯ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ 1080ಪಿ ಎವಿ1 ಬಗ್ಗೆ ಕೇಳಿದರೆ ಮೊದಲೆರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಅಂತ ಬರುವುದು ಸಾಮಾನ್ಯ. ಚಾರ್ಜರ್ ಹಾಕಿಕೊಂಡು ಮೇಜಿನ ಮುಂದೆ ಕೂತವರಿಗೆ ಪರವಾಗಿಲ್ಲ. ಬಸ್ಸಿನಲ್ಲಿ ಕೂತು ಫೋನಿನಲ್ಲಿ ನೋಡುವವರಿಗೆ ಹಾಗಲ್ಲ, ಬ್ಯಾಟರಿ ಖಾಲಿಯಾಗುತ್ತದೆ.

ಒಂದು ಎಚ್ಚರಿಕೆ. ಸ್ಮೂತ್ ಅನ್ನುವ ಉತ್ತರವನ್ನು ಕ್ರೋಮ್ ಆ ಯಂತ್ರದಲ್ಲಿ ಹಿಂದೆ ಓಡಿದ ವಿಡಿಯೋಗಳ ಅನುಭವದಿಂದ ಹೇಳುತ್ತದೆ. ಹೊಸದಾಗಿ ಇನ್‌ಸ್ಟಾಲ್ ಮಾಡಿದ ಬ್ರೌಸರ್‌ಗೆ ಆ ಅನುಭವ ಇಲ್ಲ, ಅದು ಸುಮ್ನೆ ಹೌದು ಅಂದುಬಿಡುತ್ತದೆ. ಅದಕ್ಕೇ ಕೊನೆಯ ಹೆಜ್ಜೆ ಬೇಕಾಗುವುದು.

ಹೆಜ್ಜೆ 6: ಆಯ್ಕೆಯ ಕ್ರಮ ಬರೆಯಿರಿ

ನಾನು ಇಡುವ ಕ್ರಮ ಹೀಗಿದೆ. ಫೋನ್ ಆಗಿದ್ದರೆ ಹೊಸ ಕೋಡೆಕ್‌ಗೆ ಮೂರೂ ಹೌದು ಬಂದರೆ ಮಾತ್ರ ಅದು, ಇಲ್ಲದಿದ್ದರೆ ನೇರ ಎಚ್.264. ಕಂಪ್ಯೂಟರ್ ಆಗಿದ್ದರೆ ಮೊದಲೆರಡು ಸಾಕು. ಒಂದು ವಿನಾಯಿತಿ ಇದೆ: 360ಪಿ, 480ಪಿ ಥರದ ಸಣ್ಣ ಗಾತ್ರಕ್ಕೆ ಫೋನಿನಲ್ಲೂ ಸಾಫ್ಟ್‌ವೇರ್ ಎವಿ1 ಅಷ್ಟೇನೂ ಭಾರವಲ್ಲ, ಡೇಟಾ ಉಳಿತಾಯ ಮುಖ್ಯ ಅನ್ನುವವರಿಗೆ ಅದನ್ನು ಒಂದು ಆಯ್ಕೆಯಾಗಿ ಪ್ಲೇಯರ್‌ನ ಸೆಟ್ಟಿಂಗ್‌ನಲ್ಲಿ ಕೊಡಿ.

ಶಾಕಾ ಪ್ಲೇಯರ್ ಅನ್ನುವ ವೆಬ್ ಪ್ಲೇಯರ್ ಲೈಬ್ರರಿಯಲ್ಲಿ ಇದೆಲ್ಲ ಕೈಯಿಂದ ಬರೆಯಬೇಕಿಲ್ಲ. 'ಪ್ರಿಫರ್ಡ್‌ವಿಡಿಯೋಕೋಡೆಕ್ಸ್' ಪಟ್ಟಿಯಲ್ಲಿ ನಿಮ್ಮ ಇಷ್ಟದ ಕ್ರಮ ಹಾಕಿ, 'ಪ್ರಿಫರ್ಡ್‌ಡೀಕೋಡಿಂಗ್‌ಆಟ್ರಿಬ್ಯೂಟ್ಸ್'ನಲ್ಲಿ ಸ್ಮೂತ್, ಪವರ್‌ಎಫಿಶಿಯಂಟ್ ಹಾಕಿ. ಅಂಥದೇ ಇನ್ನೊಂದು ಲೈಬ್ರರಿ ಎಚ್‌ಎಲ್‌ಎಸ್.ಜೆಎಸ್, ಬ್ರೌಸರ್‌ಗೆ ಬಾರದ ಕೋಡೆಕ್‌ನ ಗುಣಮಟ್ಟಗಳನ್ನು ತಾನೇ ತೆಗೆದುಹಾಕುತ್ತದೆ, ಆದರೆ ಪಟ್ಟಿಯಲ್ಲಿ ಕೋಡೆಕ್ ಸ್ಟ್ರಿಂಗ್ ಸರಿ ಇದ್ದರೆ ಮಾತ್ರ. ನಾಲ್ಕನೇ ಹೆಜ್ಜೆಯಲ್ಲಿ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಎಚ್‌ಎಲ್‌ಎಸ್.ಜೆಎಸ್ ಬಳಸುವವರು ಪರೀಕ್ಷೆಯ ಕ್ರಮ ತಿರುವುಮುರುವು ಮಾಡಬೇಡಿ. ಮೊದಲು 'ಎಚ್‌ಎಲ್‌ಎಸ್.ಇಸ್‌ಸಪೋರ್ಟೆಡ್' ಕೇಳಿ, ಅದು ಇಲ್ಲ ಅಂದರೆ ಮಾತ್ರ ಬ್ರೌಸರ್‌ನ ಸ್ವಂತ ಎಚ್‌ಎಲ್‌ಎಸ್‌ಗೆ ಹೋಗಿ. ಆಂಡ್ರಾಯ್ಡ್ ಕ್ರೋಮ್ ಕೂಡ ಸ್ವಂತ ಎಚ್‌ಎಲ್‌ಎಸ್ ಬಗ್ಗೆ ಕೇಳಿದರೆ 'ಮೇಬಿ' ಅನ್ನುತ್ತದೆ, ಅದನ್ನೇ ಮೊದಲು ಕೇಳಿದರೆ ಕೋಡೆಕ್ ಆರಿಸುವ ಹಿಡಿತ ನಿಮ್ಮ ಕೈ ತಪ್ಪುತ್ತದೆ.

ಐಫೋನ್‌ಗೆ ಇನ್ನೊಂದು ಮಾತು. ಬಹಳ ವರ್ಷ ಅಲ್ಲಿ ಮೀಡಿಯಾಸೋರ್ಸ್ ಇರಲೇ ಇಲ್ಲ. ಐಓಎಸ್ 17.1ರಿಂದ 'ಮ್ಯಾನೇಜ್ಡ್‌ಮೀಡಿಯಾಸೋರ್ಸ್' ಬಂದಿದೆ. ಆದರೆ ಏರ್‌ಪ್ಲೇಗೆ (ವಿಡಿಯೋವನ್ನು ಟಿವಿಗೆ ಕಳಿಸುವ ಆಪಲ್ ಸೌಲಭ್ಯ) ಬೇರೊಂದು ಮೂಲ ಕೊಡಬೇಕು, ಇಲ್ಲವೇ ವಿಡಿಯೋ ಟ್ಯಾಗ್‌ನಲ್ಲಿ 'ಡಿಸೇಬಲ್‌ರಿಮೋಟ್‌ಪ್ಲೇಬ್ಯಾಕ್' ಆನ್ ಮಾಡಬೇಕು. ಎರಡೂ ಮಾಡದಿದ್ದರೆ ಅದು ತೆರೆಯುವುದೇ ಇಲ್ಲ.

ಹೆಜ್ಜೆ 7: ನಿಜವಾಗಿ ಏನು ಓಡುತ್ತಿದೆ ಅಂತ ಕಣ್ಣಾರೆ ನೋಡಿ

ಕ್ರೋಮ್‌ನೊಳಗಿನ ಪರೀಕ್ಷಾ ಸಾಧನ ಡೆವ್‌ಟೂಲ್ಸ್‌ನಲ್ಲಿ 'ಮೀಡಿಯಾ' ಅನ್ನುವ ಪ್ಯಾನೆಲ್ ಇದೆ. ವಿಡಿಯೋ ಓಡುವಾಗ ತೆರೆದರೆ ಡೀಕೋಡರ್ ಹೆಸರು ಸಿಗುತ್ತದೆ. ಡೇವ್1ಡಿ ಅಂತ ಇದ್ದರೆ ಎವಿ1 ಸಾಫ್ಟ್‌ವೇರ್‌ನಲ್ಲಿ ಓಡುತ್ತಿದೆ. ವಿಂಡೋಸ್‌ನಲ್ಲಿ ಡಿ3ಡಿ11 ಅಂತ, ಮ್ಯಾಕ್‌ನಲ್ಲಿ ವಿಡಿಯೋಟೂಲ್‌ಬಾಕ್ಸ್ ಅಂತ ಇದ್ದರೆ ಕೆಲಸ ಸಾಮಾನ್ಯವಾಗಿ ಚಿಪ್ಪಿಗೆ ಹೋಗಿದೆ. ಪಕ್ಕದಲ್ಲೇ ಹಾರ್ಡ್‌ವೇರ್ ಡೀಕೋಡರ್ ಹೌದೋ ಅಲ್ಲವೋ ಅಂತಲೂ ಬರೆದಿರುತ್ತದೆ. ಫೈರ್‌ಫಾಕ್ಸ್‌ನಲ್ಲಿ 'ಅಬೌಟ್:ಸಪೋರ್ಟ್' ಪುಟದ ಮೀಡಿಯಾ ಭಾಗದಲ್ಲಿ ಕೋಡೆಕ್ ಪಟ್ಟಿಯೇ ಇದೆ. ಫೋನನ್ನು ಯುಎಸ್‌ಬಿ ವೈರ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ ಡೆವ್‌ಟೂಲ್ಸ್ ತೆರೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ, ಕಂಪ್ಯೂಟರ್‌ನಲ್ಲಿ ಫೋನಿನ ಹಾಗೆ ನಟಿಸುವ ಎಮ್ಯುಲೇಟರ್ ನೋಡಿ ತೃಪ್ತರಾಗಬೇಡಿ. ಅದರೊಳಗೆ ಫೋನಿನ ಚಿಪ್ ಇರುವುದಿಲ್ಲ.

ನನ್ನ ಮೇಜಿನ ಮೇಲೆ ಈಗ ಮೂರು ಸಾಧನ ಖಾಯಂ: ಒಂದು ಅಗ್ಗದ ಹಳೆಯ ಆಂಡ್ರಾಯ್ಡ್, ಎವಿ1 ಇಲ್ಲದ ಒಂದು ಐಫೋನ್, ಫೈರ್‌ಫಾಕ್ಸ್ ಹಾಕಿದ ಒಂದು ವಿಂಡೋಸ್ ಲ್ಯಾಪ್‌ಟಾಪ್. ಈ ಮೂರರಲ್ಲಿ ಹತ್ತು ನಿಮಿಷ ಓಡಿಸಿ, ಫೋನಿನ ಬೆನ್ನು ಮುಟ್ಟಿ ನೋಡಿ ಆಮೇಲೇ ವಿಡಿಯೋ ಹೊರಗೆ ಬಿಡುತ್ತೇನೆ.

ಹೆಜ್ಜೆ 8: ಓಡುತ್ತಿರುವಾಗಲೂ ಕಾವಲಿರಲಿ

ಯಂತ್ರ ಹೌದು ಅಂದಮೇಲೂ ತಡವರಿಸಬಹುದು. ವಿಡಿಯೋ ಟ್ಯಾಗ್‌ನ 'ಗೆಟ್‌ವಿಡಿಯೋಪ್ಲೇಬ್ಯಾಕ್‌ಕ್ವಾಲಿಟಿ' ಕರೆದರೆ ಒಟ್ಟು ಫ್ರೇಮ್ ಎಷ್ಟು, ಬಿಟ್ಟುಹೋದ ಫ್ರೇಮ್ ಎಷ್ಟು ಅಂತ ಸಿಗುತ್ತದೆ. ಹತ್ತು ಸೆಕೆಂಡಿಗೊಮ್ಮೆ ಕೇಳಿ, ಹಿಂದಿನ ಲೆಕ್ಕ ಕಳೆಯಿರಿ. 30 ಫ್ರೇಮ್‌ನ ವಿಡಿಯೋದಲ್ಲಿ ಹತ್ತು ಸೆಕೆಂಡಿಗೆ 300 ಫ್ರೇಮ್. ಅದರಲ್ಲಿ 30ಕ್ಕಿಂತ ಜಾಸ್ತಿ ಬಿಟ್ಟುಹೋಗಿ, ಮುಂದಿನ ಹತ್ತು ಸೆಕೆಂಡಿನಲ್ಲೂ ಹಾಗೇ ಆದರೆ ನಾನು ಎಚ್.264ಗೆ ಇಳಿಸುತ್ತೇನೆ. ಇದು ನನ್ನ ಅಂದಾಜಿನ ಗೆರೆ, ನಿಮ್ಮ ವಿಡಿಯೋಗೆ ತಕ್ಕಂತೆ ಬದಲಾಯಿಸಿಕೊಳ್ಳಿ. ಟ್ಯಾಬ್ ಹಿಂದೆ ಸರಿದಿರುವಾಗ ಬರುವ ಲೆಕ್ಕ ನಂಬಬೇಡಿ, ಪುಟ ಕಣ್ಣೆದುರು ಇದ್ದಾಗಿನದನ್ನು ಮಾತ್ರ ಎಣಿಸಿ.

ಇಳಿಸುವಾಗ ನೋಡುತ್ತಿದ್ದ ಸಮಯ ನೆನಪಿಟ್ಟುಕೊಂಡು, ಪಟ್ಟಿಯನ್ನು ಮತ್ತೆ ಲೋಡ್ ಮಾಡಿ ಅದೇ ಜಾಗದಿಂದ ಶುರು ಮಾಡಿ. ಒಂದು ಕ್ಷಣ ನಿಂತಂತಾಗುತ್ತದೆ, ಇಡೀ ಪಾಠ ಕುಂಟುವುದಕ್ಕಿಂತ ಅದು ಎಷ್ಟೋ ಮೇಲು. ಈ ತೀರ್ಮಾನವನ್ನು ಆ ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಬರೆದಿಡಿ, ಮುಂದಿನ ಪಾಠ ತೆರೆದಾಗ ಮತ್ತೆ ತಡವರಿಸಿ ಕಲಿಯುವುದು ಬೇಡ. ಆದರೆ ಶಾಶ್ವತವಾಗಿ ಇಡಬೇಡಿ. ನಾನು ತಾರೀಖಿನ ಜೊತೆ ಬರೆದು 30 ದಿನಕ್ಕೆ ಅಳಿಸುತ್ತೇನೆ, ಅಷ್ಟರಲ್ಲಿ ಬ್ರೌಸರ್ ಅಪ್‌ಡೇಟ್ ಆಗಿರಬಹುದು, ನೋಡುಗರು ಹೊಸ ಫೋನ್ ತಗೊಂಡು ಹಳೆಯ ಸೆಟ್ಟಿಂಗ್‌ಗಳನ್ನೆಲ್ಲ ಅದಕ್ಕೆ ತಂದಿರಲೂಬಹುದು, ಆಗ ಮತ್ತೆ ಐದನೇ ಹೆಜ್ಜೆಯ ಪ್ರಶ್ನೆ ಕೇಳಿ.